ಮಾತೇಯುಸನ ಊರಿಗೆ ಹೊಸ ಅಕ್ಕಿ

ಜರ್ಮನಿಯ ಯೇನಾದಲ್ಲಿ ಮಸೂರ ತಯಾರಿಸುವ ಕಂಪನಿಯೊಂದರಲ್ಲಿ ಬರ್ನಾಡೆಟ್ ಎಂಜಿನಿಯರ್. ಅಲ್ಲಿ ನೆಲೆಸಿ ದುಡಿಯಲು ಬೇಕಾದ ಬ್ಲೂ ಕಾರ್ಡ್ ಅವಳದು. ಗಂಡ ನೆಲ್ಸನ್, ರೇಷನ್ ಕಾರ್ಡಿಗೆ ಹೆಸರು ಸೇರಿಸಿದ ಹಾಗೆ ಹಿಂದಿನಿಂದ ಬಂದು ಸೇರಿಕೊಂಡವನು. ಮಂಗಳೂರಿನ ಬಸಳೆ ಬೆಳೆಸುವ ಹುಚ್ಚಿಗೆ ಅವಳು ಊರ ಹೊರಗೆ ಶ್ರೇಬರ್‌ಗಾರ್ಟನ್ ಎಂಬ ತುಂಡು ತೋಟವೊಂದನ್ನು ಬಾಡಿಗೆಗೆ ಹಿಡಿದಳು. ಬಸಳೆ ಚಳಿಗೆ ಮುದುಡಿತು. ಬೇಲಿಯಾಚೆಯ ತೋಟದ ಮಾತೇಯುಸ್ ಸಿಕ್ಕಿದ.

ಜರ್ಮನಿಯನ್ನು ಒಡೆದಿದ್ದ ಗೋಡೆ ಬೀಳುವ ಮೊದಲೇ ಮೊಜಾಂಬಿಕ್‌ನಿಂದ ಕೂಲಿಗೆ ಬಂದು ಇಲ್ಲೇ ಮುದುಕನಾದವನು. ಅವನಿಲ್ಲದಾಗ ಯುದ್ಧ ಅವನ ಊರನ್ನು ಜನರ ಸಮೇತ ಸುಟ್ಟಿತ್ತು. ಕತೆ ಕಟ್ಟುವವರು ಊರಿಗೊಬ್ಬರು. ಇವನು ಬರೆಯುವ ಕತೆಯಲ್ಲಿ ಆ ಊರನ್ನೇ ಮತ್ತೆ ಕಟ್ಟುತ್ತಿದ್ದ. ಬಾವಿ ತೋಡಿದ, ಮಾಡಿಗೆ ಹುಲ್ಲು ಹೊದಿಸಿದ, ಶನಿವಾರ ಅವಳಿಗೆ ಜರ್ಮನ್‌ನಲ್ಲಿ ಓದಿ ಹೇಳಿದ. ಜನ ಮಾತ್ರ ಒಳಗೆ ಬರುತ್ತಿರಲಿಲ್ಲ.

"ಅಂಗಳದವರೆಗೆ ಬಂದು ನಿಂತುಬಿಡ್ತಾರೆ. ಅವರು ಒಲೆ ಹಚ್ಚದೆ ನಾನು ಸಾಯುವ ಹಾಗೂ ಇಲ್ಲ," ಎನ್ನುತ್ತಿದ್ದ. ಡಾಕ್ಟರು ಅವನಿಗೆ ಕೊಟ್ಟ ಗಡುವು ಕ್ರಿಸ್‌ಮಸ್.

ಸೆಪ್ಟೆಂಬರಿನ ತೆನೆ ಹಬ್ಬಕ್ಕೆ ಮಂಗಳೂರಿನಿಂದ ಅಮ್ಮ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯ ಕಾಳು ಕವರಿನಲ್ಲಿ ಕಳಿಸಿದ್ದಳು. ಬರ್ನಾಡೆಟ್ ಕವರನ್ನು ತೋಟಕ್ಕೂ ಒಯ್ದಳು. ಮನೆಮಂದಿಗೆಲ್ಲ ತಲೆಗೊಂದು ಕಾಳು ಪಾಲು ಹಾಕುವ ಕ್ರಮದಂತೆ ಕೇಳಿದಳು: "ನಿಮ್ಮ ಮನೆಯಲ್ಲಿ ಯಾರ್ಯಾರು?"

ಅವನು ಹೇಳತೊಡಗಿದ. ಅಜ್ಜಿ. ಕಮ್ಮಾರ, ಕಮ್ಮಾರನ ಹೆಂಡತಿ. ಇನ್ನೂ ಹೆಸರಿಡದ ಕೂಸು. ಒಬ್ಬೊಬ್ಬರಿಗೂ ಅವಳು ಒಂದೊಂದು ಕಾಳು ಬಟ್ಟಲಿಗೆ ಹಾಕಿದಳು. ಅವರೆಲ್ಲ ಯಾರೆಂದು ಹೊಳೆದಾಗ ಕೈ ನಿಲ್ಲಿಸುವ ಧೈರ್ಯ ಬರಲಿಲ್ಲ. ಕವರು ಬರಿದಾಯಿತು.

"ಎಂತ ಮಾರಾಯ್ತಿ ನೀನು!" ಫೋನಿನಲ್ಲಿ ಅಮ್ಮ ಬೈದಳು. "ಸತ್ತವರಿಗೆ ಪೂಜೆ ಇಡಿಸುವುದು, ಹೊಸ ಅಕ್ಕಿ ಬಡಿಸುವುದಲ್ಲ. ಅದು ಬದುಕಿದವರ ಪಾಲು. ಇನ್ನು ಅವರು ಎದ್ದು ಹೋಗ್ತಾರಾ?"

"ನನ್ನ ಪಾಲೂ ಹೋಯ್ತಾ?" ನೆಲ್ಸನ್ ನಕ್ಕ. "ಹಾಗಾದ್ರೆ ಈ ವರ್ಷ ನಾನು ಯಾವ ಕಡೆಯ ಲೆಕ್ಕ?"

ಅವಳು ನಗಲಿಲ್ಲ.

ಮುಂದಿನ ಶನಿವಾರ ಮಾತೇಯುಸ್ ಬೇಲಿಯ ಬಳಿಯೇ ಕಾದಿದ್ದ. ಮುಖದಲ್ಲಿ ಚೆನ್ನಾಗಿ ನಿದ್ದೆಯಾದ ಕಳೆ.

"ಬಂದರು! ಎಲ್ಲ ಮನೆಯಲ್ಲೂ ಹೊಗೆ!"

ಅವನು ಓದುತ್ತ ಹೋದಂತೆ ಅವಳ ಮೂಗಿಗೆ ಸೌದೆಯ ಹೊಗೆ ಬಡಿಯಿತು, ಬೇಯುವ ಅಕ್ಕಿಯ ವಾಸನೆಯೂ. ತೋಟಗಳ ಸಾಲಿನಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ.

"ಒಂದು ಮನೆ ಹೆಚ್ಚಿಗೆ ಕಟ್ಟಿದ್ದೇನೆ," ಎಂದ. "ಮೊದಲ ತುತ್ತು ಕೊಟ್ಟವರಿಗೆ ಊರು ಮನೆ ಕೊಡಬೇಕು. ನಿನ್ನ ಹೆಸರು, ನೆಲ್ಸನ್ ಹೆಸರು ಬರೆಯಲಾ?"

ಬೇಡವೆಂದರೆ ಅವರೆಲ್ಲ ಮತ್ತೆ ಅಂಗಳಕ್ಕೆ ಇಳಿಯುವವರೇ. ಬೆನ್ನ ಹಿಂದೆ ಯಾರ್ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗಿತ್ತು. ಅವಳು ತಿರುಗಿ ನೋಡಲಿಲ್ಲ.

"ಅಡುಗೆಮನೆ ಯಾವ ಕಡೆಗೆ?" ಎಂದು ಕೇಳಿದಳು.