ಮಹಾನಂದಾ ಬೋಲ್ಟು ಬಿಗಿದ ಕಪಾಟು

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಹಿಂದಿನ ಗಲ್ಲಿಯಲ್ಲಿ ಮಹಾನಂದಾ ಅಂದರೆ ಗೊತ್ತಿಲ್ಲದ ಹೆಂಗಸಿಲ್ಲ. ಬ್ಲೌಸ್ ಹೊಲಿಯುವ ಮಹಾನಂದಾ, ಯಾದಗಿರಿ ಕಡೆಯ ಮಹಾನಂದಾ, ಜಗಳಕ್ಕೆ ಹೆದರದ ಮಹಾನಂದಾ, ಎಲ್ಲಾ ಅವಳೊಬ್ಬಳೇ. ಮೊದಲು ಅವಳೂ ಎಲ್ಲರ ಹಾಗೆ ಫ್ಯಾಕ್ಟರಿಯ ಲೈನಿನಲ್ಲಿ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದವಳು. ಒಂದು ದಿನ ಗುಂಡಿ ಸೊಟ್ಟಗಿದೆ ಎಂದು ಸೂಪರ್‌ವೈಸರ್ ಅಂಗಿಯನ್ನು ಮುದ್ದೆ ಮಾಡಿ ಅವಳ ಮುಖಕ್ಕೆ ಎಸೆದ. ಎಸೆದು ಸುಮ್ಮನಾದನೇ? "ಎಮ್ಮೆ ಕಾಯೋಕ್ ಹೋಗೇ" ಎಂದು ಇಡೀ ಲೈನಿಗೆ ಕೇಳುವ ಹಾಗೆ ಕೂಗಿದ. ಮಹಾನಂದಾ ಎದ್ದಳು. ಅಂಗಿಯನ್ನು ಕೊಡವಿ, ತೋಳು ಮಡಚಿ, ಅಚ್ಚುಕಟ್ಟಾಗಿ ಅವನ ಮೇಜಿನ ಮೇಲಿಟ್ಟು, ಗೇಟು ದಾಟಿ ಮನೆಗೆ ಬಂದಳು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಬಂದವಳು ಕೈಕಟ್ಟಿ ಕೂರುವ ಪೈಕಿಯಲ್ಲ. ಹಳೆಯ ಹೊಲಿಗೆ ಮಷೀನೊಂದನ್ನು ತಂದು, ಇದ್ದ ಒಂದೇ ಕೋಣೆಯ ಕಿಟಕಿಯ ಪಕ್ಕ ಹಾಕಿಕೊಂಡು ಬ್ಲೌಸ್ ಹೊಲಿಯಲು ಶುರುಮಾಡಿದಳು. ಕೈ ಒಳ್ಳೆಯದು, ಗಿರಾಕಿಗಳು ತಾವಾಗಿಯೇ ಬಂದರು. ಆದರೆ ಆ ಗಲ್ಲಿಯ ಇಲಿಗಳಿವೆಯಲ್ಲ, ಅವಕ್ಕೆ ಒಂದು ಚೂರೂ ಭಯವಿಲ್ಲ. ರಟ್ಟಿನ ಡಬ್ಬದಲ್ಲಿಟ್ಟಿದ್ದ ಮದುವೆ ಹುಡುಗಿಯ ರೇಷ್ಮೆ ಬ್ಲೌಸ್ ಪೀಸನ್ನು ಒಂದು ಇಲಿ ಕಡಿದು ಚಿಂದಿ ಮಾಡಿಬಿಟ್ಟಿತು. ಹುಡುಗಿಯ ತಾಯಿ ಗಲ್ಲಿಯ ನಡುವೆ ನಿಂತು ಮಹಾನಂದಾಳಿಗೆ ಮಾಡಿದ ಮಂಗಳಾರತಿಯನ್ನು ಜನ ಇನ್ನೂ ಮರೆತಿಲ್ಲ. ಇನ್ನೊಂದು ಸಲ ಹೀಗಾದರೆ ಯಾರೂ ಅವಳ ಕೈಗೆ ಬಟ್ಟೆ ಕೊಡುವುದಿಲ್ಲ. ಬಟ್ಟೆ ಬರದಿದ್ದರೆ ಮತ್ತೆ ಆ ಲೈನೇ ಗತಿ. ಅದಕ್ಕೇ ಅವಳು ಕಪಾಟು ತರಿಸಿದ್ದು.

ಫೋನಿನಲ್ಲಿ ನೋಡಿ ತರಿಸಿದ ಕಪಾಟು. ಬಂದಾಗ ಅದು ಕಪಾಟೇ ಆಗಿರಲಿಲ್ಲ. ಚಪ್ಪಟೆ ಡಬ್ಬದಲ್ಲಿ ಒಂದಿಷ್ಟು ಹಲಗೆ, ಒಂದು ಪೊಟ್ಟಣ ಸ್ಕ್ರೂ, ಚಿತ್ರ ಬರೆದ ಒಂದು ಹಾಳೆ. ಗಂಡ ಹಣಮಂತ ಕಟ್ಟಡಗಳಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುವವನು. ಇಬ್ಬರೂ ಕೂತು ಚಿತ್ರ ನೋಡಿ ನೋಡಿ ಜೋಡಿಸಿದರು. ಬಾಗಿಲು ಮುಚ್ಚಿ ಬೀಗ ಹಾಕಿದಾಗ ಮಹಾನಂದಾಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಗಿರಾಕಿಗಳ ಬಟ್ಟೆಯನ್ನೆಲ್ಲ ಮಡಚಿ ಒಳಗಿಟ್ಟು, ಬೀಗದಕೈಯನ್ನು ತಾಳಿಯ ಪಕ್ಕ ಪಿನ್ನಿಗೆ ಸಿಕ್ಕಿಸಿಕೊಂಡಳು.

ಎಡವಟ್ಟಾದದ್ದು ಅಮಾವಾಸ್ಯೆಯ ದಿನ. ಅವಳ ಊರ ಕಡೆ ಅಮಾವಾಸ್ಯೆ ಬಂತೆಂದರೆ ಮನೆ ತೊಳೆಯುವುದೆಂದರೆ ತೊಳೆಯುವುದೇ. ಒರೆಸಿ ಮುಗಿಸುವ ಮಾತಿಲ್ಲ. ಕೊಡಗಟ್ಟಲೆ ನೀರು ಸುರಿದು ಪೊರಕೆಯಿಂದ ಉಜ್ಜಬೇಕು. ಹೊಸ ಕಪಾಟನ್ನು ಬಿಟ್ಟಾಳೆಯೇ? ಅದಕ್ಕೂ ಎರಡು ತಂಬಿಗೆ ನೀರು ಸುರಿದು, ಅರಿಸಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದಳು. ಊರಲ್ಲಿ ಅವರಪ್ಪನ ಮನೆಯ ಸಾಗವಾನಿ ಪೆಟ್ಟಿಗೆ ಎಷ್ಟು ಅಮಾವಾಸ್ಯೆಯ ನೀರು ಕುಡಿದಿಲ್ಲ! ಆದರೆ ಇದು ಮರವಲ್ಲ, ಮರದ ಪುಡಿಯನ್ನು ಅಂಟುಹಾಕಿ ಒತ್ತಿದ ಹಲಗೆ. ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಅಂಚೆಲ್ಲ ಊದಿಕೊಂಡಿತು. ಒಣಗಿದ ಮೇಲೆ ಸ್ಕ್ರೂ ಕೂತಿದ್ದ ಕಡೆಯೆಲ್ಲ ಬರೀ ಹಿಟ್ಟು. ತಿರುಗಿಸಿದರೆ ಸ್ಕ್ರೂ ಗಿರಗಿರ ತಿರುಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ. ಕಪಾಟು ದಿನದಿನಕ್ಕೆ ಎಡಕ್ಕೆ ವಾಲತೊಡಗಿತು.

ಅದು ಬೀಳುವುದಕ್ಕೂ ಮನೆ ಓನರ್ ವೆಂಕಟಮ್ಮ ಒಳಗೆ ಬರುವುದಕ್ಕೂ ಸರಿಹೋಯಿತು. ವೆಂಕಟಮ್ಮ ಇದೇ ಊರಿನವಳು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ರೂಮು ಕಟ್ಟಿಸಿದವಳು. ಟ್ಯಾಂಕಿನ ನೀರಿನ ವಿಷಯ ಮಾತಾಡುತ್ತ ಹೊಸ್ತಿಲು ದಾಟಿದಳು, ಕಪಾಟು ಮುಗ್ಗರಿಸಿ ಬಂದು ಅವಳ ಮೂಗಿನ ಮುಂದೆ ಹೊಲಿಗೆ ಮಷೀನಿಗೆ ಒರಗಿ ನಿಂತಿತು.

"ಅಯ್ಯಯ್ಯಪ್ಪೋ! ನನ್ನ ಸಾಯ್ಸೋಕೆ ಇಟ್ಕಂಡಿದ್ದೀಯೇನಮ್ಮಿ ಇದನ್ನ?" ಎಂದು ಎದೆ ಹಿಡಿದುಕೊಂಡಳು ವೆಂಕಟಮ್ಮ. "ಬಾನ್ವಾರದೊಳ್ಗೆ ಇದು ಆಚೆಗ್ ಓಗ್ಬೇಕು. ನಾಳೆ ಯಾರ್ ಮ್ಯಾಲಾದ್ರೂ ಬಿದ್ರೆ ಪೊಲೀಸ್ನೋರು ನನ್ ಬಾಗ್ಲಿಗ್ ಬರ್ತಾರೆ."

"ಗ್ವಾಡಿಗಿ ಒಂದು ಮಳಿ ಹೊಡದು ಬಿಗಿತೀನ್ರೀ ಅಕ್ಕಾರ."

"ಮೊಳೆನಾ? ನನ್ ಗ್ವಾಡೆಗೆ ಒಂದ್ ಮೊಳೆ ಒಡ್ದೆ ಅಂದ್ರೆ ಅದ್ರ ಜೊತೆ ನೀನೂ ಆಚೆಗೆ!"

ಸಂಜೆ ಹಣಮಂತ ಬಂದು, ಹೆಂಡತಿಯ ಬೇಡ ಬೇಡ ಎನ್ನುವ ಮಾತಿಗೆ ಕಿವಿಗೊಡದೆ, ಸೆಂಟ್ರಿಂಗಿನ ಉದ್ದ ಮೊಳೆ ತೆಗೆದು ಹಲಗೆಯ ಅಂಚಿಗೇ ಬಡಿದ. ಅಂಚು ಪಕಳೆಪಕಳೆಯಾಗಿ ಎದ್ದುಬಂತು. ಸುತ್ತಿಗೆ ಕೆಳಗಿಟ್ಟು, ಬೇರೆ ಕಡೆ ನೋಡುತ್ತ, ಅವನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಆಡಿದ.

"ಗುಜರಿಗಿ ಹಾಕೂಣು ಬಿಡು. ನಾ ನಿಮ್ಮ ಸೂಪರ್‌ವೈಸರ್‌ಗ ಭೆಟ್ಟಿಯಾಗಿದ್ದೆ. ಸೋಮಾರದಿಂದ ಬಾ ಅಂದಾನ. ಬರ್ತಾಳ ಅಂತ ಹೇಳೀನಿ."

ಮಹಾನಂದಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕಪಾಟು ಬಿದ್ದದ್ದಕ್ಕೆ ಅಳು ಬಂದಿರಲಿಲ್ಲ. ಈಗ ಕಣ್ಣು ತುಂಬಿತು. ಆದರೆ ಗಂಡನ ಮುಂದೆ ಅಳಲಿಲ್ಲ.

"ನನ್ನ ಮಾತು ಕೊಡಾಕ ನೀವ್ಯಾರ್ರೀ? ಅಂಗಿ ಒಗದಿದ್ದು ನಿಮ್ಮ ಮಾರಿಗೇನು? ಕಪಾಟು ಇಲ್ಲೇ ಇರ್ತೈತಿ, ನಾನೂ ಇಲ್ಲೇ ಇರ್ತೀನಿ. ಯಾರು ಏನು ಮಾಡ್ಕೋತಾರ ಮಾಡ್ಕೊಳ್ಳಿ!"

ಹೇಳುವುದೇನೋ ಹೇಳಿದಳು. ಆದರೆ ಕಪಾಟು ನಿಲ್ಲಬೇಕಲ್ಲ? ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಬಿದ್ದ ಕಪಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸ್ಕ್ರೂ ಕಿತ್ತುಬಂದ ತೂತಿನಲ್ಲಿ ಬೆರಳಾಡಿಸಿದಳು. ಪುಡಿ ಉದುರಿತು. ಎಲ್ಲಾ ಸ್ಕ್ರೂಗಳೂ ಹಲಗೆಯ ಅಂಚಿನಲ್ಲೇ ಕಚ್ಚಿಕೊಂಡಿದ್ದವು. ಅವಳಿಗೆ ಸಿಟ್ಟು ಬಂತು. ಬಟ್ಟೆಯ ಅಂಚಿಗೆ ಹೊಲಿಗೆ ಹಾಕಿದರೆ ಎಳೆ ಬಿಚ್ಚಿಕೊಳ್ಳದೆ ಇರುತ್ತದೆಯೇ? ಬಟ್ಟೆ ಜಾಳಾಗಿದ್ದರೆ ಫ್ಯಾಕ್ಟರಿಯಲ್ಲಿ ಅವಳೇನು ಮಾಡುತ್ತಿದ್ದಳು? ಗುಂಡಿಯನ್ನು ಅಂಚಿನಿಂದ ಒಳಕ್ಕೆ ಸರಿಸಿ, ಹಿಂದುಗಡೆ ಇನ್ನೊಂದು ಚಿಕ್ಕ ಗುಂಡಿ ಕೊಟ್ಟು, ಎರಡನ್ನೂ ಸೇರಿಸಿ ದಾರ ಬಿಗಿಯುತ್ತಿದ್ದಳು. ಎಳೆತ ಬಟ್ಟೆಯ ಮೇಲೆ ಬೀಳುತ್ತಿರಲಿಲ್ಲ, ಹಿಂದಿನ ಗುಂಡಿಯ ಮೇಲೆ ಬೀಳುತ್ತಿತ್ತು. ಮಹಾನಂದಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿ, ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ನಡೆದಳು.

ಅಂಗಡಿಯ ದೇವರಾಜ್ ಅವಳು ತೋರಿಸಿದ ಸ್ಕ್ರೂ ನೋಡಿ, "ಇದ್ಕಿಂತ ದಪ್ಪದ್ದು ಕೊಡ್ಲಾ ಅಕ್ಕಾ?" ಅಂದ.

"ಸ್ಕ್ರೂನ ಬ್ಯಾಡ್ರಿ ಅಣ್ಣಾ. ಹಲಗಿ ಈ ಕಡಿಂದ ಆ ಕಡಿಗಿ ದಾಟೋ ಬೋಲ್ಟ್ ಕೊಡ್ರಿ. ಆಮ್ಯಾಲ ಎರಡೂ ಕಡಿಗಿ ಅಗಲಕ ಏನರ ಕೊಡಬೇಕ್ರಿ, ಹಲಗಿ ಒಳಗ ಇಳೀಬಾರದು."

"ಓ, ದೊಡ್ಡ ವಾಷರ್ ಹಾಕ್ಕೊಳ್ಳಿ. ಸಕ್ಕತ್ತಾಗ್ ಹಿಡ್ಕೊಳ್ಳುತ್ತೆ. ಮೂಲೆಗೆ ಎಲ್ ಆಂಗಲ್ಲೂ ತಗೊಳ್ಳಿ, ಬೋಲ್ಟನ್ನ ಅದ್ರೊಳಗೇ ಹಾಯ್ಸಿ." ಬೋಲ್ಟು, ಬಿಲ್ಲೆಯಂಥ ವಾಷರ್, ಎಲ್ ಆಕಾರದ ಕಬ್ಬಿಣದ ಪಟ್ಟಿ ಎಲ್ಲವನ್ನೂ ಎಣಿಸಿ ಹಾಕುತ್ತ ಕೇಳಿದ: "ತೂತು ಯಾರ್ ಹೊಡೀತಾರೆ? ಮನೆಯವರನ್ನ ಕಳ್ಸಿ, ಡ್ರಿಲ್ ಮಷೀನ್ ಕೊಟ್ ಕಳಿಸ್ತೀನಿ."

"ಮನಿಯವ್ರು ಮಳಿ ಹೊಡೀತಾರ್ರಿ. ಅದಕ್ಕ ನಾ ಬಂದೀನಿ. ಮಷೀನು ನನ್ನ ಕೈಯಾಗ ಕೊಡ್ರಿ."

ದೇವರಾಜ್ ನಕ್ಕು, ಹಿಡಿಯುವುದು ಹೇಗೆಂದು ತೋರಿಸಿ ಕೊಟ್ಟ. ಮನೆಗೆ ತಂದು ಹೊಡೆದ ಮೊದಲ ತೂತು ಸೊಟ್ಟಗಾಯಿತು. ಎರಡನೆಯದು ಅಷ್ಟಿಷ್ಟು ನೇರವಾಯಿತು. ಮೂರನೆಯದಕ್ಕೆ ಭಯ ಬಿಟ್ಟಿತು. ಹೊಲಿಗೆ ಮಷೀನಿನ ಸೂಜಿಯನ್ನು ಹತೋಟಿಯಲ್ಲಿಟ್ಟವಳಿಗೆ ಇದೇನು ಮಹಾ! ಊದಿದ ಅಂಚನ್ನು ಬಿಟ್ಟು, ಗಟ್ಟಿಯಿದ್ದ ಕಡೆ ಒಳಕ್ಕೆ ಸರಿದು ತೂತು ಹೊಡೆದಳು. ಪ್ರತಿ ಮೂಲೆಗೂ ಆಂಗಲ್ ಕೊಟ್ಟು, ಹೊರಗೊಂದು ಒಳಗೊಂದು ವಾಷರ್ ಹಾಕಿ ನಟ್ಟು ಬಿಗಿದಳು. ಹಲಗೆ ಸೀಳುವ ಹಾಗೆ ಬಿಗಿಯಲಿಲ್ಲ, ವಾಷರ್ ಕಚ್ಚಿ ಕೂತಿತೆಂದು ಬೆರಳಿಗೆ ಗೊತ್ತಾದ ಕೂಡಲೇ ನಿಲ್ಲಿಸಿದಳು.

ಕೊನೆಯ ಬದಿಗೆ ಹಲಗೆ ಹಿಡಿಯಲು ಇನ್ನೊಂದು ಜೊತೆ ಕೈ ಬೇಕಿತ್ತು. ಹೊತ್ತಿಗೆ ಸರಿಯಾಗಿ ಹಣಮಂತ ಬಂದ. ಬಾಗಿಲಲ್ಲೇ ನಿಂತು ಹೆಂಡತಿಯ ಕೂದಲಿನಲ್ಲಿದ್ದ ಮರದ ಪುಡಿ ನೋಡಿದ. ಚಪ್ಪಲಿ ಬಿಟ್ಟು ಬಂದು ಹಲಗೆ ಹಿಡಿದ. ತನ್ನ ಸೈಟಿನಿಂದ ಗ್ರಾನೈಟಿನ ತುಂಡುಗಳನ್ನು ತಂದು, ನೀರು ತಾಗದ ಹಾಗೆ ಕಪಾಟಿನ ಕೆಳಗೆ ಕೊಟ್ಟವನೂ ಅವನೇ. ಆದರೆ ಸೋಮವಾರದ ಮಾತನ್ನು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಭಾನುವಾರ ವೆಂಕಟಮ್ಮ ಹಾಜರ್. ಕಪಾಟು ಇದ್ದಲ್ಲೇ ಇರುವುದನ್ನು ಕಂಡು ಅವಳ ಹುಬ್ಬು ಮೇಲೇರಿತು.

"ಬಯ್ಯೋದು ಆಮ್ಯಾಲ ಬಯ್ರಿ ಅಕ್ಕಾರ. ಮೊದಲ ಅಳಗಾಡಿಸಿ ನೋಡ್ರಿ."

ವೆಂಕಟಮ್ಮ ಒಂದು ಕೈಯಲ್ಲಿ ಅಲ್ಲಾಡಿಸಿದಳು. ಎರಡು ಕೈಯಲ್ಲಿ ಅಲ್ಲಾಡಿಸಿದಳು. ಆಮೇಲೆ ಹಠ ಬಂದವಳಂತೆ ಮೇಲಿನ ಅಂಚು ಹಿಡಿದು ಮುಂದಕ್ಕೆ ಜಗ್ಗಿದಳು. ಗಟ್ಟಿ ಹೆಂಗಸು, ಹೊಲ ಉತ್ತ ಮೈ. ಕಪಾಟು ಇಷ್ಟೂ ಕದಲಲಿಲ್ಲ. ಅಷ್ಟಕ್ಕೂ ಬಿಡದೆ ಫೋನಿನ ಟಾರ್ಚ್ ಹಾಕಿ ಹಿಂದುಗಡೆ ಇಣುಕಿ, ತನ್ನ ಗೋಡೆಯಲ್ಲಿ ಮೊಳೆ ಹುಡುಕಿದಳು. ಒಂದೂ ಇರಲಿಲ್ಲ.

"ಬೋಲ್ಟೆಲ್ಲ ಆಚೆಗ್ ಕಾಣ್ತದಲ್ಲಮ್ಮಿ, ಲಾರಿ ಬಾಡಿ ಇದ್ದಂಗದೆ."

"ಚಂದ ಕಾಣ್ಲಿ ಅಂತ ತಂದಿಲ್ರಿ ಅಕ್ಕಾರ. ನಿಂದ್ರಲಿ ಅಂತ ತಂದೀನಿ."

"ಬಾಯಿಗೇನ್ ಕಮ್ಮಿ ಇಲ್ಲ ನಿಂಗೆ. ಇರ್ಲಿ, ಇಟ್ಕೊ," ಎಂದು ಗೊಣಗುತ್ತ ವೆಂಕಟಮ್ಮ ಮೆಟ್ಟಿಲಿಳಿದಳು.

ಅವಳು ಹೋದ ಸ್ವಲ್ಪ ಹೊತ್ತಿಗೆ ಹಣಮಂತನ ಫೋನು ರಿಂಗಾಯಿತು. ಹೆಸರು ನೋಡಿ ಅವನ ಮುಖ ಸಪ್ಪಗಾಯಿತು. ಎತ್ತಲೋ ಬಿಡಲೋ ಎಂದು ಅವನು ಹೆಂಡತಿಯ ಕಡೆ ನೋಡುವಷ್ಟರಲ್ಲಿ ಮಹಾನಂದಾ ಕೈಚಾಚಿ ಫೋನು ಕಸಿದುಕೊಂಡು, "ಹೇಳ್ರಿ, ನಾ ಮಹಾನಂದಾ" ಅಂದಳು. ಸೂಪರ್‌ವೈಸರ್ ದನಿಯಲ್ಲಿ ಬದಲಾವಣೆ ಏನೂ ಇರಲಿಲ್ಲ.

"ಏನಮ್ಮಾ, ನಾಳೆ ಕರೆಕ್ಟಾಗಿ ಟೈಮಿಗೆ ಬರ್ತೀಯ ತಾನೆ? ನಿನ್ ಗಂಡ ಕೈ ಮುಗ್ದು ಕೇಳ್ದ ಅಂತ ತಗೋತಿದ್ದೀನಿ."

"ಅವ್ರು ನನ್ನ ಕೇಳಲಾರ್ದ ಹೇಳ್ಯಾರ್ರಿ ಸಾರ್. ನಾ ಬರಂಗಿಲ್ಲ. ನನಗ ಇಲ್ಲಿ ಕೆಲಸ ಐತಿ."

"ಏನೇ ಕೆಲ್ಸ ನಿಂದು?" ಎಂದು ಅವನು ಕೂಗಿದ್ದು ಪಕ್ಕದಲ್ಲಿ ನಿಂತ ಹಣಮಂತನಿಗೂ ಕೇಳಿಸಿತು. ಹಣಮಂತ ತಲೆ ತಗ್ಗಿಸಿದ. ಹೆಂಡತಿ ದಿನಾ ಏನನ್ನು ಕೇಳಿಸಿಕೊಂಡು ಮನೆಗೆ ಬರುತ್ತಿದ್ದಳೆಂದು ಅವನಿಗೆ ಅವತ್ತೇ ಗೊತ್ತಾದದ್ದು.

ಮಹಾನಂದಾ ದನಿ ಏರಿಸಲಿಲ್ಲ.

"ಬ್ಲೌಸ್ ಹೊಲಿಯೋದ್ರಿ ಸಾರ್. ನಿಮ್ಮ ಮನಿಯವ್ರದು ಇದ್ರ ತಗೊಂಡು ಬರ್ರಿ, ಛಂದಂಗ ಹೊಲದು ಕೊಡ್ತೀನಿ. ಆದ್ರ ಒಂದು ಮಾತು. ಇದು ನನ್ನ ಅಂಗಡಿ. ಇಲ್ಲಿ ಯಾರೂ ಒದರಾಡಂಗಿಲ್ಲ."