ಹಲ್ವದ ಗುಟ್ಟು ಮತ್ತು ಅದರ ಎರಡು ತುದಿ

ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಎಂಟಕ್ಕೆ ತಿಂಡಿ, ಒಂದಕ್ಕೆ ಊಟ. ಮೂವತ್ತು ವರ್ಷ ಡ್ರಿಲ್ ಮಾಸ್ಟರಾಗಿದ್ದವನ ಮೈ ಬೇರೆ ರೀತಿ ಕೇಳುವುದಿಲ್ಲ. ಈಚೆಗೆ ಪುತ್ತೂರಿನಲ್ಲಿ ಹೊಸ ಹಲ್ಲಿನ ಸೆಟ್ಟು ಮಾಡಿಸಿದೆ. ಅಂಟುವ ತಿಂಡಿ ಮುಟ್ಟಬಾರದೆಂದು ವೈದ್ಯರ ಆಜ್ಞೆ.

ಮರುವಾರವೇ ಪಂಜದಲ್ಲಿ ಹೆಂಡತಿಯ ಅಕ್ಕನ ಮನೆಯಲ್ಲಿ ಊಟ. ಆಕೆಯ ಬಾಳೆಹಣ್ಣಿನ ಹಲ್ವ ಸ್ವಂತ ಹಲ್ಲನ್ನೇ ಅಲ್ಲಾಡಿಸುವಂಥದ್ದು. ಬಡಿಸುವ ಮೊದಲು ಹೆಂಡತಿಗೆ ಗುಟ್ಟಾಗಿ ಹೇಳೋಣವೆಂದರೆ ಯಾವ ಭಾಷೆಯಲ್ಲಿ? ಆ ಮನೆಯವರಿಗೆ ತುಳು ಬರುತ್ತದೆ, ಮಲಯಾಳ ಬರುತ್ತದೆ, ನೆರೆಕರೆಯ ಅರೆಭಾಷೆಯೂ ಬರುತ್ತದೆ.

ಫೋನಿನ ಸಂದೇಶಗಳ ಎನ್‌ಕ್ರಿಪ್ಶನ್ ಬಗ್ಗೆ ಮೊಮ್ಮಗಳು ಹೇಳಿದ್ದು ನೆನಪಾಯಿತು. "ಅಜ್ಜ, ನೀವು ಕಳಿಸಿದ್ದು ಹೊರಡುವಾಗಲೇ ಕಲಸಿ ಹೋಗ್ತದೆ. ನಡುವೆ ಕದ್ದವರಿಗೆ ಎಂತದೂ ಅರ್ಥ ಆಗುದಿಲ್ಲ. ಬಿಚ್ಚುವ ಕೀಲಿ ಆಚೆ ತುದಿಯಲ್ಲಿ, ಅಜ್ಜಿಯ ಫೋನಲ್ಲಿ ಮಾತ್ರ ಉಂಟು."

ಸಾರು ಬರುವಷ್ಟರಲ್ಲಿ ಮೇಜಿನಡಿಯಲ್ಲೇ ಬರೆದು ಕಳಿಸಿದೆ: "ನನಗೆ ಹಲ್ವ ಬೇಡ ಎನ್ನು. ಹಲ್ಲು ಕಿತ್ತು ಬರುತ್ತದೆ. ಸಕ್ಕರೆ ಕಾಯಿಲೆ ಎಂದು ಸುಳ್ಳು ಹೇಳು."

ಎದುರು ಕುಳಿತ ಹೆಂಡತಿಯ ಫೋನು ಟಿಣ್ ಎಂದಿತು.

"ಅಕ್ಕಾ, ಕನ್ನಡಕ ಮನೆಯಲ್ಲೇ ಬಾಕಿ. ಎಂತ ಬಂದದ್ದು ಓದು ನೋಡುವ."

ನಾನು ಹುಬ್ಬು ಹಾರಿಸಿದೆ.

"ಎಂತ ಹುಬ್ಬು ಹಾರಿಸುದು? ಉಪ್ಪು ಬೇಕಾ?"

ಅಕ್ಕ ಒಂದಕ್ಷರ ಬಿಡದೆ, ದೊಡ್ಡ ದನಿಯಲ್ಲಿ ಓದಿದರು. ಅವರ ಗಂಡ ನಕ್ಕು ನಕ್ಕು ಬಿಕ್ಕಳಿಸಿದರು. "ಹಲ್ಲಿಗಿಂತ ಮೊದಲು ಮರ್ಯಾದೆ ಕಿತ್ತು ಬಂತಲ್ಲ ಮಾಸ್ಟ್ರೆ!"

"ಭಾವನಿಗೆ ನನ್ನ ಹಲ್ವ ಅಂದ್ರೆ ಪ್ರಾಣ ಅಂತ ಇವಳೇ ಹೇಳಿದ್ದು," ಎಂದರು ಅಕ್ಕ. "ಪ್ರತಿ ಸಲ ಎರಡು ಗಂಟೆ ನಿಂತು ಮಗುಚುದು ನಾನು, ಮಾರಾಯ್ರೆ!"

ಹೆಂಡತಿ ಸಾರು ಬಹಳ ರುಚಿಯಾಗಿದೆ ಎಂದಳು. ನನಗೆ ಆ ದಿನ ಹಲ್ವದ ಬದಲು ಮಜ್ಜಿಗೆ ಸಿಕ್ಕಿತು. ಹಲ್ಲು ಉಳಿಯಿತು.

ಮೂರು ಹತ್ತರ ಬಸ್ಸಿನಲ್ಲಿ ಕುಳಿತೆವು. ಹೆಂಡತಿಯ ಫೋನು ಮತ್ತೆ ಟಿಣ್ ಎಂದಿತು. ಓದಿ ಹೇಳಲು ಆಕೆ ಅದನ್ನು ನನ್ನ ಕೈಗೆ ಕೊಟ್ಟಳು. ಅಕ್ಕನ ಸಂದೇಶ:

"ಹಲ್ವ ನಿನ್ನ ಚೀಲದ ಅಡಿಯಲ್ಲಿ ಇಟ್ಟಿದ್ದೇನೆ. ಬಿಸಿ ಹಾಲಲ್ಲಿ ನೆನೆಸಿ ಭಾವನಿಗೆ ಕೊಡು. ಮೊದಲೇ ಹೇಳ್ಬೇಡ."

"ಅಕ್ಕನದ್ದಾ? ಎಂತ ಅಂತೆ?"

"ಜಾಗ್ರತೆಯಿಂದ ಹೋಗಿ ಅಂತ," ಎಂದೆ. "ಆ ಚೀಲ ಭಾರ ಉಂಟಲ್ಲ, ಕೊಡು ಇಲ್ಲಿ. ನಾನು ಹಿಡ್ಕೊಳ್ತೇನೆ."