ಬ್ರಿಟಿಷರ ಕಾಲದ ವಿಶಲ್

ಇತಿಹಾಸ ಬರೆಯುವ ನನಗೆ ಮನುಷ್ಯರ ಮೇಲೆ ಕೋಪ ಬರುವುದು ಕಡಿಮೆ. ಬಂದರೆ ತಪ್ಪು ಇಸವಿಗಳ ಮೇಲೆ. ಹೊಳೆನರಸೀಪುರದ ಶಾಲೆಯೊಂದರಲ್ಲಿ ಹಳೆಯ ವಸ್ತುಗಳ ಪ್ರದರ್ಶನವಿದೆಯೆಂದು ಹಾಸನದಿಂದ ಬಸ್ಸು ಹಿಡಿದು ಹೋದವನಿಗೆ ಎರಡರ ಮೇಲೂ ಬಂತು.

ಮೇಜಿನ ಮೇಲೊಂದು ಗೇಣುದ್ದದ ಉಗಿಯಂತ್ರ. ತಾಮ್ರದ ಬಾಯ್ಲರು, ಸೈಕಲ್ ಪಂಪಿನ ಕೊಳವೆಯಲ್ಲಿ ಆಡುವ ಪಿಸ್ಟನ್ನು, ಅರದಿಂದ ಉಜ್ಜಿ ಉಜ್ಜಿ ದುಂಡಗೆ ಮಾಡಿದ ಹಿತ್ತಾಳೆಯ ಗಾಲಿ. ಕೆಳಗೆ ಸ್ಪಿರಿಟ್ ದೀಪ ಹಚ್ಚಿದಾಗ ಅದು ಮೊದಲು ಬೆವರಿತು, ಆಮೇಲೆ ಕೆಮ್ಮಿತು, ಕೊನೆಗೆ ಮನಸ್ಸು ಮಾಡಿ ತಿರುಗಿತು. ನಾನು ಉಸಿರು ಹಿಡಿದು ನಿಂತಿದ್ದೆ. ಪಕ್ಕದ ಚೀಟಿಯಲ್ಲಿ ಹೀಗಿತ್ತು: ‘ಬ್ರಿಟಿಷರ ಕಾಲದ್ದು. ಇಂಗ್ಲೆಂಡಿನಲ್ಲಿ ತಯಾರಾದದ್ದು.’

ನಾನೂ ತಲೆದೂಗಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆಮೇಲೆ ಬಾಯ್ಲರಿನ ನೆತ್ತಿಯ ಮೇಲೆ ಕಣ್ಣು ಬಿತ್ತು. ಹೆಚ್ಚಾದ ಉಗಿಯನ್ನು ಹೊರಬಿಡಲು ಅಲ್ಲಿ ಕೂತಿದ್ದದ್ದು ಪ್ರೆಷರ್ ಕುಕ್ಕರಿನ ವಿಶಲ್! ಅದು ನಮ್ಮ ಅಡುಗೆಮನೆಗಳಿಗೆ ಬಂದದ್ದು ಬ್ರಿಟಿಷರು ಹೋದ ಮೇಲೆ. ಕುಕ್ಕರಿನ ಮೂಲಪುರುಷ ಹದಿನೇಳನೆಯ ಶತಮಾನದ ಒಬ್ಬ ಫ್ರೆಂಚನೆಂಬುದು ನನಗೂ ಗೊತ್ತು. ಆದರೆ ಆತ ಹೊಳೆನರಸೀಪುರದ ಪಾತ್ರೆ ಅಂಗಡಿಗೆ ಬಂದುದಕ್ಕೆ ಆಧಾರವಿಲ್ಲ.

“ಅದು ನಮ್ಮನೆ ಕುಕ್ಕರಿಂದು ಕಣ್ ಸಾ,” ಎಂದರು ಹಿಂದೆ ನಿಂತಿದ್ದ ಹಿರಿಯರು. ಅವರು ಹರದನಹಳ್ಳಿಯ ಪುಟ್ಟಸ್ವಾಮಿ, ಅಕ್ಕಿ ಗಿರಣಿಯ ಹಳೆಯ ಮೆಕ್ಯಾನಿಕ್. ಯಂತ್ರವನ್ನು ಮಾಡಿ ಗಿರಣಿಯ ಯಜಮಾನರಿಗೆ ಕೊಟ್ಟಿದ್ದರಂತೆ. ಯಜಮಾನರು ತೀರಿಕೊಂಡ ಮೇಲೆ ಅದು ಶಾಲೆಗೆ ಬಂದಿತ್ತು.

ಉಸ್ತುವಾರಿಯ ಮೇಷ್ಟ್ರನ್ನು ಕರೆದೆ. ಅವರು ಪುಟ್ಟಸ್ವಾಮಿಯವರನ್ನು ಮೇಲಿಂದ ಕೆಳಗೆ ನೋಡಿ, “ದಾಖಲೆ ಇಲ್ದೆ ಚೀಟಿ ಬದಲಾಯಿಸೋಕಾಗಲ್ಲ ಸಾರ್,” ಎಂದರು.

“ಇಂಗ್ಲೆಂಡಿನವರು ಯಾವ ದಾಖಲೆ ಕೊಟ್ಟಿದ್ದರು?” ಎಂದು ಕೇಳಿದೆ. ಮೇಷ್ಟ್ರು ಚೀಟಿಯನ್ನು ನೇರ ಮಾಡಿ ಇಟ್ಟರು. ಅಚ್ಚುಕಟ್ಟಾದುದೆಲ್ಲ ಹೊರಗಿನದು ಎನ್ನಲು ನಮಗೆ ಸಾಕ್ಷಿ ಬೇಡ. ನಮ್ಮದೆನ್ನಲು ಮಾತ್ರ ಮೊಹರು ಬೇಕು! ಹೊಯ್ಸಳ ಶಿಲ್ಪಿಗಳು ಎಷ್ಟೋ ಕಡೆ ವಿಗ್ರಹದ ಪೀಠದಲ್ಲೇ ತಮ್ಮ ಹೆಸರು ಕೊರೆದರು. ಇಂಥ ಮೇಷ್ಟ್ರುಗಳನ್ನು ಕಂಡಿದ್ದರೋ ಏನೋ. ನೀವೇಕೆ ಕೊರೆಯಲಿಲ್ಲವೆಂದು ಪುಟ್ಟಸ್ವಾಮಿಯವರನ್ನೇ ಗದರಿಸಿದೆ.

“ಎಸ್ರು ಕೊರುದ್ರೆ ಗಾಲಿ ಒಂದ್ ಸುತ್ತು ಜಾಸ್ತಿ ತಿರುಗ್ತದಾ ಸಾ?” ಎಂದು ನಕ್ಕರು. ನಕ್ಕರೂ ಕಣ್ಣು ಚೀಟಿಯ ಮೇಲೇ ಇತ್ತು.

ಮರುದಿನ ನಾನು ಮತ್ತೆ ಹೋದಾಗ ದಾಖಲೆ ಬಸ್ಸಿಳಿದು ಬಂತು. ಪುಟ್ಟಸ್ವಾಮಿಯವರ ಮಡದಿ ಜಯಮ್ಮ ಅಟ್ಟದಿಂದ ಇಳಿಸಿದ ಹಳೆಯ ಕುಕ್ಕರಿನ ಮುಚ್ಚಳವನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರು. ಯಂತ್ರದ ಮೇಲಿನ ವಿಶಲ್ ಕಿತ್ತು ಮುಚ್ಚಳದ ಮೇಲಿಟ್ಟರು. ಟಕ್ಕೆಂದು ಕೂತಿತು.

“ಮಗಳು ಬಾಣಂತನಕ್ಕೆ ಬಂದಾಗ ಕಳ್ದೋಗಿದ್ದು ಇದೇಯ. ಮನೆಯೆಲ್ಲಾ ಉಡುಕ್ದೆ. ಇವ್ರೂ ನನ್ ಜೊತೇಲೇ ಉಡುಕುದ್ರು ಸಾ, ಅದೇ ವಟ್ಟೆ ಉರ್ಸಾದು!”

ಪುಟ್ಟಸ್ವಾಮಿ ನೆಲ ನೋಡಿದರು. ಇಷ್ಟು ಹಗೆಯಿಂದ ಕಾಪಾಡಿದ ಕಾಲಮಾನ ನನಗೆ ಯಾವ ಶಾಸನದಲ್ಲೂ ಸಿಕ್ಕಿರಲಿಲ್ಲ. ಆದರೂ ಆಗ ಹುಟ್ಟಿದ ಮೊಮ್ಮಗನ ಜನನ ಪ್ರಮಾಣಪತ್ರ ತರಿಸಿ ತಾಳೆ ನೋಡಿದೆ, ಚಟ. ಅವನು ಹುಟ್ಟಿದ್ದು ಬ್ರಿಟಿಷರು ಹೋಗಿ ದಶಕಗಳಾದ ಮೇಲೆ. ಮೇಷ್ಟ್ರು ಚೀಟಿ ಹರಿದರು.

ಜಯಮ್ಮ ಮಾತ್ರ ವಿಶಲನ್ನು ಹಿಂದಿರುಗಿಸಲಿಲ್ಲ. “ಅವ್ರ ಎಸ್ರು ಹಾಕ್ತೀರಿ, ಸರಿ. ವಿಶಲ್ ಯಾರ್ದು?”

ಹೊಸ ಚೀಟಿಯನ್ನು ನಾನೇ ಬರೆದೆ: ‘ತಯಾರಿಸಿದವರು: ಪುಟ್ಟಸ್ವಾಮಿ, ಹರದನಹಳ್ಳಿ. ವಿಶಲ್: ಜಯಮ್ಮನವರದು, ಕೇಳದೆ ತೆಗೆದುಕೊಂಡದ್ದು.’ ಓದಿಸಿಕೊಂಡು ಕೇಳಿದ ಜಯಮ್ಮ ವಿಶಲನ್ನು ಬಾಯ್ಲರಿನ ಮೇಲಿಟ್ಟರು. ದೀಪ ಹಚ್ಚಿದೆವು, ಗಾಲಿ ತಿರುಗಿತು. ನಲವತ್ತು ವರ್ಷ ಅಡಿಟಿಪ್ಪಣಿ ಬರೆದವನು ನಾನು. ಉಗಿ ಬಂದದ್ದು ಇದೊಂದಕ್ಕೇ.